ಮೌಶಿಯ ನೋಟ್‌ಬುಕ್ಕಿನ ಬಲಪುಟ

ನಮ್ಮ ಮನೆಯಲ್ಲಿ ಒಂದು ಕಥೆಯಿದೆ. ಊರಿಂದ ನೆಂಟರು ಬಂದಾಗಲೆಲ್ಲ ಕಾಫಿಯ ಹಿಂದೆಯೇ ಅದೂ ಬರುತ್ತದೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪನಿಗೆ ವಿಶಾಖಪಟ್ಟಣದಿಂದ ದೂರದ ಬ್ರಾಂಚಿಗೆ ವರ್ಗವಾಗುವುದಿತ್ತು. ಅಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಆಗ ನಾನು ಬ್ಯಾಂಕಿನ ವಿಜಯವಾಡದ ವಲಯ ಕಚೇರಿಗೆ ಒಂದು, ಎರಡು, ಮೂರು ಎಂದು ಅಂಕಿ ಹಾಕಿ, ವಾದ ಹೂಡಿ, ಪತ್ರ ಬರೆದೆ. ದೊಡ್ಡ ಸಾಹೇಬರು ಓದಿ ಬೆರಗಾಗಿ ಅಪ್ಪನನ್ನು ಅಲ್ಲೇ ಉಳಿಸಿದರು. "ಇವಳು ಗೆದ್ದ ಮೊದಲನೇ ಡಿಬೇಟು ಅದು ಕಣ್ರೀ" ಎಂದು ದೊಡ್ಡಪ್ಪ ತೊಡೆ ತಟ್ಟುತ್ತಾರೆ. ಅಜ್ಜಿ ಹೇಳುವಾಗ ಮಾತ್ರ ಸಾಹೇಬರ ಜಾಗದಲ್ಲಿ ಸಿಂಹಾಚಲದ ದೇವರು ಅಪ್ಪನ್ನ ಇರುತ್ತಾನೆ.

ನಾನು ಪತ್ರ ಬರೆದದ್ದು ನಿಜ. ಅಪ್ಪ ಉಳಿದದ್ದೂ ನಿಜ. ಒಂದಾದ ಮೇಲೆ ಒಂದು ನಡೆಯಿತೆಂಬ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ಆಯಿತು ಎನ್ನುವುದು ಚರ್ಚಾಸ್ಪರ್ಧೆಯಲ್ಲಿ ಹೊಸಬರೂ ಹಿಡಿದುಹಾಕುವ ತಪ್ಪು. ಎದುರಾಳಿ ಹೀಗೆ ಮಾತಾಡಿದಾಗ ನಾನೆಷ್ಟು ಸಲ ಎದ್ದು ನಿಂತು ಅವರನ್ನು ಮಣ್ಣುಮುಕ್ಕಿಸಿದ್ದೇನೆ! ಆದರೆ ನನ್ನ ಮನೆಯ ಕಥೆಯನ್ನು ಹದಿಮೂರು ವರ್ಷ ಪ್ರಶ್ನಿಸಲಿಲ್ಲ. ಅದು ನನಗೆ ಬೇಕಾಗಿದ್ದ ತಪ್ಪು. ಕಾಲೇಜಿನ ವೇದಿಕೆ ಹತ್ತಿದ್ದು, ಬಹುಮಾನ ಗೆದ್ದದ್ದು, ಕೊನೆಗೆ ಸಂಶೋಧನೆಗೆ ಬಂದದ್ದು, ಎಲ್ಲವೂ ಅದೊಂದರ ಮೇಲೆ ನಿಂತಿತ್ತು. ಕಥೆ ಸುಳ್ಳೆಂದು ಗೊತ್ತಾದದ್ದು ಹೋದ ವರ್ಷ, ಮೌಶಿಯ ಬದುಕನ್ನು ನಾನು ಕೆಡಿಸಿದ ಮೇಲೆ.

ಮೌಶಿ ಎಂದರೆ ಚಿಕ್ಕಮ್ಮ, ಆದರೆ ಈ ಮೌಶಿ ನನ್ನ ಅಮ್ಮನ ಒಡಹುಟ್ಟಿದವರಲ್ಲ. ಅವರು ಧಾರವಾಡದ ಕಡೆಯವರು, ನಾವು ತುಮಕೂರಿನ ಕಡೆಯವರು. ಒಂದೇ ಬ್ಯಾಂಕಿನ ಕೆಲಸ ಎರಡೂ ಮನೆಯವರನ್ನು ವಿಶಾಖಪಟ್ಟಣಕ್ಕೆ ತಂದು ಎದುರುಬದುರು ಬಾಗಿಲಲ್ಲಿ ಇಟ್ಟಿತ್ತು. ನಾನು ಮೊದಲ ದಿನ ಆಂಟಿ ಎಂದಾಗ ಅವರು ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಆಂಟಿಗೋಳು ಈ ಬಿಲ್ಡಿಂಗಿನ್ಯಾಗ ಹನ್ನೆರಡು ಮಂದಿ ಅದಾರ. ಮೌಶಿ ಅನ್ನು. ನಾ ಒಬ್ಬಾಕಿನ ಅದೀನಿ."

ನನಗೆ ಕನ್ನಡ ಅಕ್ಷರ ಕಲಿಸಿದವರು ಅವರೇ. ಶಾಲೆಯಲ್ಲಿ ತೆಲುಗು, ಇಂಗ್ಲಿಷು. ಕನ್ನಡ ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. "ತೆಲುಗು ಓದಾಕ ಬರ್ತದಲಾ? ಅಕ್ಷರದ ತಲಿ ಮ್ಯಾಲಿಂದು ಟೊಪ್ಪಿಗಿ ಅಷ್ಟ ಬದಲಿ ಮಾಡು. ಕನ್ನಡ ಆತು, ಮುಗೀತು" ಎಂದು ಹಳೆಯ ವಾರಪತ್ರಿಕೆ ಮುಂದಿಟ್ಟರು. ಅಮ್ಮ ಅವರ ಮನೆಯ ಹೊಸ್ತಿಲಲ್ಲಿ ಕೂತು ಸೊಪ್ಪು ಬಿಡಿಸುತ್ತ ನನ್ನ ತಪ್ಪುಗಳಿಗೆ ನಗುತ್ತಿದ್ದಳು.

ಮೌಶಿ ಮದುವೆಯಾಗಿರಲಿಲ್ಲ. ಜೊತೆಗೆ ತಮ್ಮನಿದ್ದ. ವಯಸ್ಸು ಈಗ ನಲವತ್ತೈದು ದಾಟಿದೆ. ತಿಳಿವಳಿಕೆ ಆರೇಳು ವರ್ಷಕ್ಕೇ ನಿಂತಿದೆ. ನಾನು ಅವನನ್ನು ಮಾಮ ಎನ್ನುತ್ತೇನೆ. ಅಮ್ಮ ಹೋಗುವುದಕ್ಕೆ ಒಂದು ವರ್ಷ ಮೊದಲು ಮೌಶಿಗೆ ವಿಜಯವಾಡದ ವಲಯ ಕಚೇರಿಗೆ, ಸಿಬ್ಬಂದಿ ವಿಭಾಗಕ್ಕೆ ವರ್ಗವಾಯಿತು. ಕಾಲುವೆಯ ಹತ್ತಿರ ಒಂದು ಸಂದಿಯಲ್ಲಿ ಮನೆ ಹಿಡಿದರು. ಮಾಮ ದಿನಾ ಸಂಜೆ ಒಬ್ಬನೇ ಕಾಲುವೆ ದಂಡೆಯ ಚಹಾ ಅಂಗಡಿಗೆ ಹೋಗಿ, ಒಂದು ಲೋಟ ಕುಡಿದು, ಒಬ್ಬನೇ ಮನೆಗೆ ಬರುವುದನ್ನು ಕಲಿತ. ಒಬ್ಬನೇ ಎನ್ನುವುದೂ ಪೂರ್ತಿ ನಿಜವಲ್ಲ. ತಿರುವಿನಲ್ಲಿ ಟೈಲರು, ಅದರಾಚೆ ಹೂವಿನವಳು, "ಅಟು ಕಾದು ಬಾಬೂ, ಇಟು" ಎಂದು ಆ ಕಡೆ ಹೊರಟವನನ್ನು ಈ ಕಡೆ ತಿರುಗಿಸುತ್ತಿದ್ದರು. ಆ ಸಂದಿ ಅವನನ್ನು ಕೈಯಿಂದ ಕೈಗೆ ದಾಟಿಸುತ್ತಿತ್ತು. ಅವನ ಸಲುವಾಗಿಯೇ ಮೌಶಿ ಎರಡು ಸಲ ಪ್ರಮೋಷನ್ ಬೇಡವೆಂದರು. ಪ್ರಮೋಷನ್ ಜೊತೆಗೆ ವರ್ಗವೂ ಬರುತ್ತದೆ.

ಇನ್ನು ನನ್ನ ಓದು. ಋಷಿಕೊಂಡದ ಗುಡ್ಡದ ಕಡೆ ಒಂದು ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಸಂಸ್ಥೆಗಳಲ್ಲಿ ಮಾಹಿತಿ ವ್ಯವಸ್ಥೆಗಳು ನಿಜವಾಗಿ ಹೇಗೆ ನಡೆಯುತ್ತವೆ ಎಂಬುದು. ನಮ್ಮ ಕ್ಷೇತ್ರದಲ್ಲಿ ಒಂದು ಗುಂಪು, ತಂತ್ರಾಂಶ ಸುಲಭವೂ ಉಪಯುಕ್ತವೂ ಆಗಿದ್ದರೆ ಜನ ಒಪ್ಪುತ್ತಾರೆ ಎನ್ನುತ್ತದೆ. ಇನ್ನೊಂದು ಗುಂಪು, ಒಪ್ಪಿದಂತೆ ತೋರಿಸಿ ಜನ ಹಿಂದಿನಿಂದ ಏನು ಮಾಡುತ್ತಾರೆ ನೋಡಿ ಎನ್ನುತ್ತದೆ. ಪರದೆಯ ಮೇಲೆ ಒಂದು ತುಂಬುತ್ತಾರೆ, ಮೇಜಿನ ಖಾನೆಯಲ್ಲಿ ಇನ್ನೊಂದು ಚೀಟಿ ಇಟ್ಟುಕೊಳ್ಳುತ್ತಾರೆ. ಅದಕ್ಕೆ ನೆರಳು ವ್ಯವಸ್ಥೆ ಎಂದು ಹೆಸರು. ಈ ಎರಡನೇ ಗುಂಪಿನವರಿಗೆ ಆ ಚೀಟಿಯೆಂದರೆ ಬಹಳ ಪ್ರೀತಿ. ನನಗಿರಲಿಲ್ಲ. ಕಂಪ್ಯೂಟರು ಕಟುಕ, ಚೀಟಿ ಕರುಣಾಮಯಿ ಎನ್ನುವುದು ವಾದವಲ್ಲ, ಭಜನೆ. ಚೀಟಿ ಒಬ್ಬರನ್ನು ಉಳಿಸಿದರೆ, ಅದರಲ್ಲಿ ಹೆಸರಿಲ್ಲದ ಇನ್ನೊಬ್ಬರು ಅದರ ಭಾರ ಹೊರುತ್ತಾರೆ. ಅವರನ್ನು ಯಾರು ಬರೆದುಕೊಂಡಿದ್ದಾರೆ? ನನ್ನ ಪ್ರಬಂಧವೆಲ್ಲ ಈ ಒಂದು ಪ್ರಶ್ನೆ. ಪ್ರಶ್ನೆ ಸರಿಯಾದದ್ದೇ ಎಂದು ಈಗಲೂ ನಂಬಿದ್ದೇನೆ. ಅದೇ ನನಗೆ ಹೆಚ್ಚು ನೋಯುತ್ತದೆ.

ಬ್ಯಾಂಕು ವರ್ಗಾವಣೆಯ ಕೋರಿಕೆಗಳಿಗೆಂದು ಹೊಸ ತಂತ್ರಾಂಶ ತಂದಿತ್ತು. ಅದರ ಬಳಕೆಯನ್ನು ಅಭ್ಯಾಸ ಮಾಡಲು ಮೂರು ಕಚೇರಿಗಳಲ್ಲಿ ನನಗೆ ಅನುಮತಿ ಸಿಕ್ಕಿತು. ಒಂದು, ಮೌಶಿಯ ಕಚೇರಿ. ಪರದೆಯ ಮೇಲೆ ಕಾರಣಗಳ ಪಟ್ಟಿ ಇಳಿಯುತ್ತಿತ್ತು. ಸ್ವಂತ ಅನಾರೋಗ್ಯ, ಗಂಡ ಅಥವಾ ಹೆಂಡತಿಯ ನೌಕರಿ, ಮಕ್ಕಳ ಓದು, ತಂದೆತಾಯಿಯ ಅನಾರೋಗ್ಯ, ಇತರೆ. ಒಂದೊಂದಕ್ಕೆ ಒಂದಿಷ್ಟು ಅಂಕ. 'ಇತರೆ'ಗೆ ಸೊನ್ನೆ.

"ಇಕಿನ್ನ ನೋಡು" ಎಂದರು ಮೌಶಿ, ಹೆಸರಿನ ಮೇಲೆ ಬೆರಳು ಮುಚ್ಚಿಕೊಂಡು. "ಗಂಡ ಹೊಡೀತಾನ. ಇಕಿ ಓಡಿ ಬಂದಾಳ. ಗಂಡ-ಹೆಂಡ್ತಿ ಒಂದ ಊರಾಗ ಇರ್ಲಿ ಅಂತ ಕಂಪ್ಯೂಟರ್ ಇಕಿನ್ನ ತಿರುಗಿ ಅವನ ಊರಿಗೇ ಹಾಕ್ತದ. ಈಗ ಯಾವ ಡಬ್ಬಿ ಒತ್ತಲಿ, ಹೇಳು ಶಾಣ್ಯಾಕಿ."

ಮತ್ತೆ ಖಾನೆಯಿಂದ ಒಂದು ಉದ್ದನೆಯ ನೋಟ್‌ಬುಕ್ಕು ತೆಗೆದರು. ಕನ್ನಡದಲ್ಲಿ ಬರೆದದ್ದು. ಬೇರೆಯವರಿಗೆ ತಿಳಿಯಬಾರದೆಂದೇ ಹಾಗೆ. ಆದರೆ ತೆಲುಗು ಬಲ್ಲವರು ಕನ್ನಡವನ್ನು ಅಷ್ಟಿಷ್ಟು ಕೂಡಿಸಿ ಓದಿಬಿಡುತ್ತಾರಲ್ಲ, ಅರ್ಥವಾಗುವುದಿಲ್ಲ ಅಷ್ಟೆ. ಪಕ್ಕದ ಮೇಜಿನವರು ಬಗ್ಗಿ ಒಂದು ಸಾಲನ್ನು ರಾಗವಾಗಿ ಓದಿ, "ಏಂಟಂಡೀ ಇದಿ, ಮಂತ್ರಾಲಾ?" ಎಂದು ಕಿಚಾಯಿಸಿದರು.

"ಹೌದ್ರೀ. ನೀವು ಹಿಂಗ ಬಗ್ಗಿ ನೋಡಿದ್ರ ತಟ್ಟತದ" ಎಂದು ಮೌಶಿ ಮುಚ್ಚಿದರು. ನನ್ನ ಕೈಗೂ ಕೊಡಲಿಲ್ಲ. "ಇದು ಅವರವರು ನನ್ನ ಮುಂದ ಅತ್ತದ್ದು. ನಿನಗ ತೋರಸಾಕ ಬರೂದಿಲ್ಲ."

ಅವರು ಮಾಡುತ್ತಿದ್ದುದು ಇಷ್ಟೇ. ವರ್ಗಾವಣೆಯ ಪಟ್ಟಿ, ಹಿಂದೆ ಟೈಪಾದದ್ದು, ಈಗ ತಂತ್ರಾಂಶದ್ದು, ಹಿಡಿದು ಸಾಹೇಬರ ಕೋಣೆಗೆ ಹೋದಾಗ ಒಂದೆರಡು ಹೆಸರುಗಳ ಹತ್ತಿರ ನಿಂತು, "ಇದೊಂದು ಬ್ಯಾಡ ಸರ್" ಎನ್ನುತ್ತಿದ್ದರು. ಸಾಹೇಬರುಗಳು ಬಂದರು, ಹೋದರು. ಯಾರೂ ಕಾರಣ ಕೇಳುತ್ತಿರಲಿಲ್ಲ. ಅವರ ಮಾತು ಸುಳ್ಳಾದದ್ದನ್ನು ಯಾರೂ ಕಂಡಿರಲಿಲ್ಲ.

"ಅಲ್ಲ ಮೌಶಿ, ಒಬ್ಬರನ್ನ ನೀವು ನಿಲ್ಲಿಸಿದ್ರೆ ಅವರ ಬದಲು ಇನ್ಯಾರೋ ಹೋಗ್ಬೇಕಲ್ಲ? ಅವರ ಕಷ್ಟ ಯಾರು ಬರ್ಕೊಂಡ್ರು?" ಎಂದು ಕೇಳಿದೆ.

ಅವರು ಲೋಟವನ್ನು ನನ್ನ ಕಡೆ ಸರಿಸಿದರು. "ಚಾ ಆರ್ತದ, ಕುಡಿ."

ನಾನು ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡೆ: ಪ್ರಶ್ನೆಗೆ ಉತ್ತರಿಸದೆ ಜಾರಿಕೊಂಡರು.

ಅವತ್ತು ಏಳುವಾಗ ಅವರು ಸೆರಗು ಸರಿಮಾಡಿಕೊಳ್ಳುತ್ತ ಒಂದು ಮಾತು ಹೇಳಿದರು. "ಡಬ್ಬ್ಯಾಗ ಹಿಡೀದ್ದು ಉಡ್ಯಾಗ ಹಿಡೀತದ." ಡಬ್ಬಿಯಲ್ಲಿ ಹಿಡಿಸದೆ ಹೋದರೂ ಹೆಣ್ಣುಮಕ್ಕಳು ಸೀರೆಯ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಮಗುವಿನ ಆಟಿಕೆ, ಏನನ್ನಾದರೂ ಕಟ್ಟಿಕೊಂಡು ನಡೆದುಬಿಡುತ್ತಾರಲ್ಲ, ಹಾಗೆ. ನಾನು ರೈಲಿನಲ್ಲಿ ವಿಶಾಖಪಟ್ಟಣ ಮುಟ್ಟುವವರೆಗೂ ಆ ಮಾತನ್ನು ಬಾಯಲ್ಲಿ ತಿರುವಿಹಾಕಿದೆ. ನನ್ನ ಕನ್ನಡದಲ್ಲಿ ಇಂಥ ಮಾತುಗಳಿಲ್ಲ.

ಅವರು ಕೇಳಿದ್ದು ಒಂದೇ. "ಹೆಸರು ಹಾಕಬ್ಯಾಡ ನೋಡು. ನನ್ನ ಸಲುವಾಗಿ ಅಲ್ಲ. ಬುಕ್ಕಿನ್ಯಾಗ ಇದ್ದವರ ಸಲುವಾಗಿ."

ಹಾಕಲಿಲ್ಲ. ಬ್ಯಾಂಕಿನ ಹೆಸರು ತೆಗೆದೆ, ಊರು ತೆಗೆದೆ, ವಯಸ್ಸು ಬದಲಿಸಿದೆ, ಹೆಂಗಸನ್ನು ಗಂಡಸು ಮಾಡಿದೆ. ತೆಲುಗಿನಲ್ಲಿ ಯಾರು ಏನೇ ಹೇಳಿರಲಿ, ಇಂಗ್ಲಿಷಿಗೆ ತಿರುಗಿಸಿ ಮುಖವಿಲ್ಲದ ಮಾತು ಮಾಡಿದೆ. ಆ ಒಂದು ವಾಕ್ಯವನ್ನು ಮಾತ್ರ ಮೌಶಿ ಆಡಿದಂತೆಯೇ, ಕನ್ನಡ ಲಿಪಿಯಲ್ಲೇ ಇಟ್ಟೆ. ಅನುವಾದ ಕೆಳಗೆ ಸಣ್ಣಗೆ. ಯಾಕೆ? ಚೆನ್ನಾಗಿತ್ತು, ಅದಕ್ಕೆ. ಕನ್ನಡ ಕೇಳದ ಊರಲ್ಲಿ ಬೆಳೆದವರಿಗೆ ಇರುವ ಒಂದು ಚಪಲ ಅದು. ಇದ್ದ ಒಂದೇ ಒಡವೆಯನ್ನು ಎಲ್ಲ ಮದುವೆಗೂ ಹಾಕಿಕೊಂಡು ಹೋಗುವುದು.

ದ್ವಾರಕಾ ನಗರದ ಹೋಟೆಲೊಂದರ ಸಭಾಂಗಣದಲ್ಲಿ ವಿಚಾರಗೋಷ್ಠಿ. ನೆರಳು ವ್ಯವಸ್ಥೆಗೆ ಹೊಣೆಗಾರಿಕೆ ಇಲ್ಲ ಎಂದು ಇಪ್ಪತ್ತು ನಿಮಿಷ ವಾದಿಸಿದೆ. ಪರದೆಯ ಮೇಲೆ ಆ ವಾಕ್ಯ ಬಂದಾಗ ಸಭೆಯಲ್ಲಿ ಒಂದು ಮೆಚ್ಚುಗೆಯ ಗುಜುಗುಜು. ಮುಂದಿನ ಸಾಲಿನಲ್ಲಿ ಬ್ಯಾಂಕಿನ ವಲಯ ಕಚೇರಿಯ ತಾಂತ್ರಿಕ ಮುಖ್ಯಸ್ಥರು ಅತಿಥಿಯಾಗಿ ಕೂತಿದ್ದರು. ಊಟದ ಹೊತ್ತಿಗೆ ತಟ್ಟೆ ಹಿಡಿದು ಮೆಚ್ಚಿಕೊಳ್ಳುತ್ತ ಬಂದರು.

"ಚಾಲಾ ಬಾಗುಂದಮ್ಮಾ. ಆ ಲೈನು... ಅದಿ ಕನ್ನಡಮಾ?"

"ಅವುನು ಸಾರ್" ಎಂದು ಒಪ್ಪಿಕೊಂಡೆ. ಹೆಮ್ಮೆಯಿಂದಲೇ.

ಮೂರು ಕಚೇರಿಗಳ ಸಿಬ್ಬಂದಿ ವಿಭಾಗಗಳಲ್ಲಿ ಕನ್ನಡ ಆಡುವವರು ಒಬ್ಬರೇ. ಅದನ್ನು ನಾನು ಆಮೇಲೆ ಎಣಿಸಿದೆ. ಆ ಮುಖ್ಯಸ್ಥರು ಕೆಟ್ಟ ಮನುಷ್ಯರಲ್ಲ. ನನ್ನ ವಾದವನ್ನು ನಂಬಿದರು, ಅಷ್ಟೆ. ಚರ್ಚೆಯಲ್ಲಿ ಗೆಲ್ಲುವುದೆಂದರೆ ಅದೇ ತಾನೆ?

ಮೂರು ವಾರಕ್ಕೆ ಮೌಶಿಯ ಖಾನೆ ತೆಗೆಸಿ ನೋಟ್‌ಬುಕ್ಕು ಒಯ್ದರು. ಒಳಗಿದ್ದದ್ದು ಏನೆಂದು ವಿಚಾರಣೆಯವರಿಗೆ ತಿಳಿಯಬೇಕಲ್ಲ, ವಲಯದಲ್ಲಿ ಕನ್ನಡ ಓದುಬರಹ ಬಲ್ಲ ಹಿರಿಯ ಅಧಿಕಾರಿ ಯಾರೆಂದು ಹುಡುಕಿದರು. ಅಪ್ಪನ ಹೆಸರು ಸಿಕ್ಕಿತು. ಎಲ್ಲ ಪುಟಗಳ ಜೆರಾಕ್ಸು, ಮೇಲೆ ಗೋಪ್ಯ ಎಂಬ ಮುದ್ರೆ, ಇಂಗ್ಲಿಷಿಗೆ ತರ್ಜುಮೆ ಮಾಡಿಕೊಡಿ ಎಂಬ ಪತ್ರ.

"ಆಗಲ್ಲ ಅಂದ್ಬಿಡು ಅಪ್ಪ."

"ಅಂದ್ರೆ ಬೆಂಗಳೂರಿಗೆ ಕಳಿಸ್ತಾರೆ. ದುಡ್ಡಿಗೆ ತರ್ಜುಮೆ ಮಾಡೋನು ಯಾರೋ, 'ಸೀಕ್ರೆಟ್ ರಿಜಿಸ್ಟರ್' ಅಂತ ಬರೆದು ಮುಗಿಸ್ತಾನೆ. ನಾನಾದ್ರೆ ಅವರ ಮಾತು ಅವರ ಮಾತಿನ ಹಾಗೇ ಬರೀಬಹುದು." ಕನ್ನಡಕ ಒರೆಸಿಕೊಂಡ. "ಲ್ಯಾಪ್‌ಟಾಪ್ ತಾ. ನಾನು ಓದ್ತೀನಿ, ನೀನು ಟೈಪ್ ಮಾಡು."

"ಗೋಪ್ಯ ಅಂತ ಹಾಕಿದಾರೆ."

"ಈಗ ನೆನಪಾಯ್ತಾ?"

ಅಪ್ಪ ನನಗೆ ಅಂದ ಕಟುಮಾತು ಅದೊಂದೇ.

ಭಾನುವಾರ ಬೆಳಿಗ್ಗೆ, ತಿಂಡಿಯ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ ಶುರುಮಾಡಿದೆವು. ಎಡಪುಟದಲ್ಲಿ ಒಬ್ಬರ ಸಂಗತಿ. ಮಗು ತೀರಿಕೊಂಡ ಆಸ್ಪತ್ರೆಯ ಎದುರಿಗೇ ಬ್ರಾಂಚು ಇದೆ, ಅಲ್ಲಿಗೆ ಹಾಕಬಾರದು. ತಾಯಿಗೆ ಮರೆವು, ಇವನ ಕೈಯ ಅನ್ನ ಬಿಟ್ಟು ಬೇರೆ ಮುಟ್ಟುವುದಿಲ್ಲ. ಅಪ್ಪ ನಿಧಾನವಾಗಿ ಓದುತ್ತಿದ್ದ, ನಾನು ಟೈಪ್ ಹೊಡೆಯುತ್ತಿದ್ದೆ. ನಾಲ್ಕನೆಯದೋ ಐದನೆಯದೋ ಮುಗಿದ ಮೇಲೆ ಅಪ್ಪ, "ಬಲಗಡೆದೂ ಬರ್ಕೋಬೇಕಲ್ವಾ?" ಎಂದ.

ಪ್ರತಿ ಎಡಪುಟದ ಎದುರು ಬಲಪುಟದಲ್ಲಿ, ಅವರ ಬದಲು ಹೋದವರ ಹೆಸರಿತ್ತು. ಎಲ್ಲಿಗೆ ಹೋದರು, ಮನೆಯಲ್ಲಿ ಯಾರಿದ್ದಾರೆ, ಯಾವ ತಿಂಗಳೊಳಗೆ ತಿರುಗಿ ಕರೆಸಿಕೊಳ್ಳಬೇಕು. ಕರೆಸಿಕೊಂಡ ಮೇಲೆ ಒಂದು ದಪ್ಪ ಗೀಟು. ಗೀಟಿಲ್ಲದ ಬಲಪುಟಗಳ ಮೂಲೆಯನ್ನು ಮಡಚಿದ್ದರು. ಜೆರಾಕ್ಸಿನಲ್ಲಿ ಆ ಮಡಿಕೆಗಳು ಕಪ್ಪು ತ್ರಿಕೋನಗಳಾಗಿ ಬಿದ್ದಿದ್ದವು.

ಅವರನ್ನು ಯಾರು ಬರೆದುಕೊಂಡಿದ್ದಾರೆ ಎಂದು ಸಭೆಯಲ್ಲಿ ಕೈ ಬೀಸಿ ಕೇಳಿದವಳು ನಾನು. ಮೌಶಿ ಅಂದು ಚಹಾ ಕುಡಿ ಎಂದದ್ದು ಉತ್ತರವಿಲ್ಲದ್ದಕ್ಕಲ್ಲ. ಉತ್ತರ ಕೊಡಬೇಕೆಂದರೆ ಇನ್ನೊಬ್ಬರ ಪುಟ ತೆರೆದು ತೋರಿಸಬೇಕಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಬಂದ ಒಂದು ಪುಟವನ್ನು ಅಪ್ಪ ಓದಿ ಹೇಳಲಿಲ್ಲ. ಕಾಗದವನ್ನೇ ನನ್ನ ಕಡೆ ತಿರುಗಿಸಿದ.

"ವಿಶಾಖಪಟ್ಟಣ. ಹೆಂಡತಿ ಹೋಗಿ ಏಳು ತಿಂಗಳು. ಹುಡುಗಿ ಮಾತು ಬಿಟ್ಟದ. ಸಾಲ್ಯಾಗ ಕೇಳಿದರ ಬರೇ ತಲಿ ಅಲ್ಲಾಡಸ್ತದ. ಹತ್ತನೇತ್ತ ಮುಗಿಯೂತನಕ ಇವರನ್ನ ಕದಲಸಬಾರದು."

ಮಾತು ಬಿಟ್ಟಿದ್ದೆನೇ? ನನಗೆ ನೆನಪಿಲ್ಲ. ಅಪ್ಪನನ್ನು ನೋಡಿದೆ. ಅವನು ಕಿಟಕಿ ನೋಡುತ್ತಿದ್ದ. "ನಾಲ್ಕು ತಿಂಗಳು" ಎಂದ. "ನನ್ನ ಹತ್ರಾನೂ ಇಲ್ಲ. ಅದಕ್ಕೇ ನೀನು ಪತ್ರ ಬರೆದದ್ದು."

ಮುಂದಿನ ಹಾಳೆ ಆ ಪತ್ರದ ಪ್ರತಿ. ನನ್ನ ದುಂಡು ಇಂಗ್ಲಿಷ್ ಅಕ್ಷರ. ಒಂದು, ಎರಡು, ಮೂರು. ಅದರ ತಲೆಯ ಮೇಲೆ ಮೌಶಿಯ ಕೈಬರಹ.

"ಇದನ್ನ ಮ್ಯಾಲೆ ಕಳಿಸಿಲ್ಲ. ಕಳಿಸಿದರ ನಿಯಮ ತೋರಿಸಿ ಇಲ್ಲ ಅಂತಾರ, ಫೈಲ್ ಮುಚ್ಚತಾರ. ಆಮ್ಯಾಲೆ ಬಾಯಿಲೆ ಹೇಳಾಕೂ ಬರೂದಿಲ್ಲ. ಹುಡುಗಿಗೆ ತಿಳಿಸಬಾರದು. ತಾ ಬರದದ್ದಕ್ಕ ಆತು ಅಂತ ತಿಳಕೊಳ್ಳಲಿ. ಮಾತು ತಿರುಗಿ ಬರ್ತದ."

ಬಲಪುಟದಲ್ಲಿ ಅಪ್ಪನ ಬದಲು ಹೋದ ಒಬ್ಬ ಅಧಿಕಾರಿ. ಮದುವೆಯಾಗಿಲ್ಲ. ಒಂದೂವರೆ ವರ್ಷಕ್ಕೆ ಕರೆಸಿಕೊಳ್ಳಬೇಕು. ದಪ್ಪ ಗೀಟು.

ಮಾತು ತಿರುಗಿ ಬಂತು. ಬಂದು ಮಾಡಿದ್ದೇನು ಎಂದು ಯೋಚಿಸುತ್ತ ನಾನು ಕೂತಿದ್ದೆ. ತಂಬಿಗೆಯಲ್ಲಿನ ನೀರು ಕುಡಿದು ಅಪ್ಪ ಕುರ್ಚಿ ಎಳೆದುಕೊಂಡ.

"ಹೂಂ, ಹೊಡಿ."

"ಇದೊಂದು ಬಿಟ್ಟುಬಿಡೋಣ. ಹಾಕಿದ್ರೆ ಸ್ನೇಹಕ್ಕೆ ಮಾಡಿದ್ದು ಅಂತಾರೆ, ಮೌಶಿಗೆ ಇನ್ನೂ ಕಷ್ಟ. ನಿನಗೂ..." ಪಾರದರ್ಶಕತೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದವಳು ಹೀಗೆ ಅಂದೆ.

"ಪುಟಕ್ಕೆ ನಂಬರ್ ಹಾಕಿದಾರೆ ಕಣಮ್ಮ." ಹಾಳೆಯನ್ನು ನೆಟ್ಟಗೆ ಇಟ್ಟುಕೊಂಡು, "ನಂಬರ್ ಇರ್ಲಿಲ್ಲ ಅಂದ್ರೂ ಬಿಡ್ತಿರ್ಲಿಲ್ಲ. ನನ್ನ ಮನೆ ನಿಂತದ್ದು ಹೀಗೆ ಅಂತ ಎಲ್ಲಾದ್ರೂ ಒಂದು ಕಡೆ ಇಂಗ್ಲಿಷಿನಲ್ಲೂ ಇರಲಿ."

ಟೈಪ್ ಮಾಡಿದೆ. 'ಉಡಿ' ಎಂಬುದಕ್ಕೆ ಅವತ್ತೂ ಸರಿಯಾದ ಶಬ್ದ ಸಿಗಲಿಲ್ಲ.

ದುರುಪಯೋಗ ಕಂಡುಬಂದಿಲ್ಲ ಎಂದೇ ವಿಚಾರಣೆಯ ವರದಿ ಬಂತು. ಆದರೆ ಸಿಬ್ಬಂದಿಯ ಖಾಸಗಿ ಸಂಗತಿಗಳನ್ನು ಅನಧಿಕೃತವಾಗಿ ಬರೆದಿಡಲಾಗಿದೆ, ಇಂಥ ದಾಖಲೆಗಳಿಗೆ ಹೊಣೆಗಾರಿಕೆ ಇಲ್ಲವೆಂದು ಇತ್ತೀಚಿನ ಒಂದು ಅಧ್ಯಯನವೂ ತೋರಿಸಿದೆ, ನೋಟ್‌ಬುಕ್ಕು ನಾಶಪಡಿಸತಕ್ಕದ್ದು, ಆಡಳಿತದ ಹಿತದೃಷ್ಟಿಯಿಂದ ಅವರನ್ನು ವಲಯದ ಕೊನೆಯ ಮೂಲೆಯ ಬ್ರಾಂಚಿಗೆ ವರ್ಗಾಯಿಸತಕ್ಕದ್ದು. ಆ ಅಧ್ಯಯನ ಯಾವುದೆಂದು ಬರೆದಿರಲಿಲ್ಲ. ಹೆಸರು ಹಾಕದಿರುವ ಸೌಜನ್ಯ ಅವರಿಗೂ ಇತ್ತು. ಮೌಶಿಗೆ ನಿವೃತ್ತಿಗೆ ಒಂದೂವರೆ ವರ್ಷ ಬಾಕಿ. ಆಕ್ಷೇಪವಿದ್ದರೆ ತಂತ್ರಾಂಶದಲ್ಲಿ ಕಾರಣ ತುಂಬಬಹುದು ಎಂದರಂತೆ. ಗಂಡ ಇದ್ದಾನೆ ಪಟ್ಟಿಯಲ್ಲಿ, ಮಕ್ಕಳಿದ್ದಾರೆ, ತಂದೆತಾಯಿ ಇದ್ದಾರೆ. ತಮ್ಮ ಇಲ್ಲ.

ಅವರು ಹೊರಡುವುದಕ್ಕೆ ಎರಡು ದಿನ ಮೊದಲು, ಬೆಳಗಿನ ರೈಲು ಹಿಡಿದು ವಿಜಯವಾಡಕ್ಕೆ ಹೋದೆ. ಬಾಗಿಲು ತೆರೆದೇ ಇತ್ತು. ಮೌಶಿ ಸ್ಟೀಲಿನ ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಸುತ್ತುತ್ತಿದ್ದರು. ಮಾಮ ಗಂಟುಗಳನ್ನು ಎಣಿಸುತ್ತಿದ್ದ, ಐದಾದ ಮೇಲೆ ಮತ್ತೆ ಒಂದರಿಂದ. ನನ್ನನ್ನು ಕಂಡು ಎದ್ದು ಬಂದ.

"ಅಲ್ಲೆ ಚಾದ ಅಂಗಡಿ ಅದನ?"

"ಅದ, ಅದ" ಎಂದು ಮೌಶಿಯೇ ಉತ್ತರ ಕೊಟ್ಟರು. ಅವರು ಆ ಊರನ್ನು ಇನ್ನೂ ನೋಡಿರಲಿಲ್ಲ.

ನಾನು ಹೇಳಬೇಕೆಂದು ಬಂದದ್ದನ್ನು ರೈಲಿನಲ್ಲಿ ಅಂಕಿ ಹಾಕಿ ಜೋಡಿಸಿಕೊಂಡಿದ್ದೆ. ಒಂದನೆಯದಕ್ಕೇ ಅಳು ಬಂತು.

"ಅಳಬ್ಯಾಡ ಹುಚ್ಚಿ. ಆ ತುದಿ ಹಿಡಿ, ಎಳಿ. ಹಂಗಲ್ಲ, ಬಿಗಿ ಎಳಿ. ಪಿಎಚ್‌ಡಿ ಮಾಡಾಕಿಗೆ ಒಂದು ಗಂಟು ಹಾಕಾಕ ಬರೂದಿಲ್ಲ!"

ಎಳೆದೆ. ಅವರು ಗಂಟು ಹಾಕಿದರು. ಅಪ್ಪ ಹೇಗಿದ್ದಾರೆ ಎಂದು ಕೇಳಿದರು, ಉಪ್ಪಿಟ್ಟು ಮಾಡಲೇ ಎಂದರು, ರವೆಯ ಡಬ್ಬಿ ಯಾವ ಗಂಟಿನಲ್ಲಿ ಹೋಯಿತೋ ಎಂದು ತಮಗೆ ತಾವೇ ಬೈದುಕೊಂಡರು. ನಾನು ಬರೆದದ್ದರ ಬಗ್ಗೆ ಒಂದು ಮಾತಿಲ್ಲ. ಬೈದಿದ್ದರೆ ನಾನು ಎದುರು ವಾದಿಸುತ್ತಿದ್ದೆ. ಸೋಲುವುದಾದರೂ ಸಿಗುತ್ತಿತ್ತು.

ಸಂಜೆಯಾಯಿತು. ಮಾಮ ಚಪ್ಪಲಿ ಮೆಟ್ಟಿ ಚಹಾ ಅಂಗಡಿಗೆ ಹೊರಟ. ತಿರುವಿನಿಂದ ಟೈಲರ ದನಿ ಕೇಳಿಸಿತು: "ಇಟು ಬಾಬೂ, ಇಟು." ಮೌಶಿ ಕೈಯಲ್ಲಿನ ಗಂಟನ್ನು ಬಿಟ್ಟು ಆ ದನಿ ಮುಗಿಯುವವರೆಗೂ ಕೇಳಿಸಿಕೊಂಡರು.

ನಾನು ಆ ಜೆರಾಕ್ಸುಗಳನ್ನು ಅಪ್ಪನಿಗೆ ತಿಳಿಯದಂತೆ ಇನ್ನೆರಡು ಸಲ ಮೊದಲಿಂದ ಕೊನೆಯವರೆಗೆ ಹುಡುಕಿದ್ದೆ. ಎಡಪುಟಗಳಲ್ಲಿ, ಬಲಪುಟಗಳಲ್ಲಿ, ಹಿಂದಿನ ರಟ್ಟಿನ ಒಳಗಡೆ. ಎಲ್ಲರೂ ಇದ್ದರು.

"ಮೌಶಿ" ಎಂದೆ, "ನಿಮ್ಮ ಪುಟ ಯಾಕೆ ಬರೀಲಿಲ್ಲ? ನೀವು ಹೋಗೋ ಸರದಿ ಬಂದಾಗ ಸಾಹೇಬರ ಮುಂದೆ ನಿಂತು 'ಇದೊಂದು ಬೇಡ ಸರ್' ಅಂತ ಯಾರು ಹೇಳ್ತಾರೆ ಅಂದುಕೊಂಡಿದ್ರಿ?"